ಅವರದು ವಿಂಟೇಜ್, ನಮ್ಮದು ಗುಜರಿ

ಭಾನುವಾರ ಬೆಳಗ್ಗೆ ದೇವನಹಳ್ಳಿ ದಾಟಿ ನಂದಿ ಬೆಟ್ಟದ ರಸ್ತೆಯಲ್ಲಿ ನಿಂತು ನೋಡಿ. ಬೆಂಗಳೂರಿಂದ ಫಳಫಳ ಹೊಳೆಯುವ ಹಳೇ ಕಾರು, ಹಳೇ ಜಾವಾ ಬಂದರೆ ಸಾಕು, ಟೀ ಅಂಗಡಿಯಲ್ಲಿ ಕೂತವರೆಲ್ಲ ಮೊಬೈಲ್ ತೆಗೀತಾರೆ. ನಾನೂ ಅಂಥ ಫೋಟೊ ಪತ್ರಿಕೆಗೆ ಕಳಿಸಿದವನೇ.

ಅದೇ ಜಾವಾ ನಮ್ಮೂರ ರೈತನ ಕೈಲಿದ್ದರೆ? ಹಿಂದೆ ಹಾಲಿನ ಕ್ಯಾನು, ಮುಂದೆ ಮೊಮ್ಮಗ. "ಇನ್ನೂ ಈ ಡಬ್ಬಾ ಓಡಿಸ್ತೀಯಾ? ತೂಕಕ್ಕೆ ಹಾಕಪ್ಪ" ಅಂತೀವಿ. ನಮ್ಮಪ್ಪ ಹಾಗೇ ಮನೆಯ ಯೆಜ್ಡಿ ಕೊಟ್ಟುಬಿಟ್ಟರು. ನಾನಾಗ ಪಿಯುಸಿ. ಬಂದ ದುಡ್ಡಲ್ಲಿ ಎರಡು ಮೂಟೆ ಬೂಸಾ ತಂದ ನೆನಪು.

ಜಾವಾ, ಯೆಜ್ಡಿ ಬೇರೆಲ್ಲಿಂದಲೋ ಬಂದವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಬೈಕುಗಳು. ಕಾರ್ಖಾನೆ ಮುಚ್ಚಿ ಸುಮಾರು ಮೂವತ್ತು ವರ್ಷವಾದರೂ ಅವು ಓಡುತ್ತಿವೆ ಅಂದರೆ ಅದಕ್ಕೆ ಕಾರಣ ಎಣ್ಣೆ ಕೈಯ ಮೆಕ್ಯಾನಿಕ್‌ಗಳು. ದೊಡ್ಡಬಳ್ಳಾಪುರದಲ್ಲಿ ಅಂಥ ಒಬ್ಬರ ಶೆಡ್ಡಿನಲ್ಲಿ ನಾನು ಗಂಟೆಗಟ್ಟಲೆ ಕೂತಿದ್ದೇನೆ. ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಲ್ಲಿ ತೊಳೆದು, ಜೆಟ್ಟಿಗೆ ಬಾಯಿಂದ ಊದಿ, ಪಾಯಿಂಟ್ ಉಜ್ಜಿ ಅಂತರ ಸರಿಮಾಡಿ, ಕಿವಿಗೊಟ್ಟು ಸದ್ದಿನಲ್ಲೇ ಕಾಯಿಲೆ ಹೇಳ್ತಾರೆ. ಸಿಗದ ಬುಷ್ಷನ್ನು ಲೇತಿನಲ್ಲಿ ತಿರುಗಿಸಿ ಮಾಡಿಸ್ತಾರೆ. ಜಾವಾದಲ್ಲಿ ಕಿಕ್ಕರ್ರೇ ಗೇರ್ ಲಿವರ್ ಅಂತ ಹೊಸ ಹುಡುಗರಿಗೆ ಹೇಳಿದರೆ ನಂಬಲ್ಲ. ಆ ಶೆಡ್ಡಿಗೆ ಕಲಿಯೋಕೆ ಈಗ ಯಾರೂ ಬರ್ತಿಲ್ಲ.

ಇನ್ನು ಸರ್ಕಾರದ ಲೆಕ್ಕ ನೋಡಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ 'ವಿಎ' ಸರಣಿಯ ವಿಶೇಷ ನಂಬರು. ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಮಾನ್ಯ, ಆಮೇಲೆ ನವೀಕರಣಕ್ಕೆ 5,000. ಆದರೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸೋದು ಇಂಥದ್ದಕ್ಕೆ ಮಾತ್ರ. ಅಂದರೆ ಹಾಲಿನ ಡೈರಿಗೆ ಹೋಗಂಗಿಲ್ಲ.

ಸರಿ, ಆದರೆ 50 ಆಗಬೇಕಾದರೆ ಮೊದಲು 20 ದಾಟಬೇಕಲ್ಲ ಸ್ವಾಮಿ! 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕ 600ರಿಂದ 5,000ಕ್ಕೆ, ಬೈಕಿನದು 300ರಿಂದ 1,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ ಅದೂ ದುಪ್ಪಟ್ಟು: ಕಾರಿಗೆ 10,000, ಬೈಕಿಗೆ 2,000. ಐದು ವರ್ಷಕ್ಕೊಮ್ಮೆ ಕಟ್ಟಬೇಕು. ಒಂದು ಅಂಬಾಸಿಡರ್ 25ರಿಂದ 45ನೇ ವರ್ಷದವರೆಗೆ ಐದು ಸಲ ನವೀಕರಣಕ್ಕೆ ಹೋದರೆ ಈಗಿನ ದರದಲ್ಲೇ 50,000 ರೂಪಾಯಿ. ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ ಬೇರೆ. ಶೆಡ್ಡಿನಲ್ಲಿ ಮುಚ್ಚಿಟ್ಟ 60 ವರ್ಷದ ಕಾರಿನ ಒಂದು ನವೀಕರಣಕ್ಕೆ 5,000, ಸಂತೆಗೆ ಓಡುವ 40 ವರ್ಷದ ಅಂಬಾಸಿಡರ್‌ನ ಒಂದು ನವೀಕರಣಕ್ಕೆ 10,000. ಇದು ಯಾವ ನ್ಯಾಯ?

ಹೊಗೆ ಅಂತೀರಾ? ಒಪ್ಪಿದೆ, ಟೂ ಸ್ಟ್ರೋಕ್ ಗಾಡಿ ಎಣ್ಣೆ ಸುಡುತ್ತೆ, ಹೊಗೆ ಜಾಸ್ತಿನೇ. ಹಾಗಿದ್ದರೆ ಹೊಗೆ ಅಳೆಯಿರಿ, ಅದು ಎಷ್ಟು ಕಿಲೋಮೀಟರ್ ಓಡುತ್ತೆ ಕೇಳಿ. ಹುಟ್ಟಿದ ವರ್ಷ ನೋಡಿ ದಂಡ ಹಾಕಿದರೆ ಚೆನ್ನಾಗಿ ಇಟ್ಟುಕೊಂಡವನಿಗೂ ಕೆಡಿಸಿಕೊಂಡವನಿಗೂ ಒಂದೇ ಬರೆ. 25 ದಾಟಿದ, ತಪಾಸಣೆ ಪಾಸಾದ ಸ್ವಂತ ಬಳಕೆಯ ಗಾಡಿಗಾದರೂ ಹಳೇ ಶುಲ್ಕ ಇರಲಿ.

ಬೆಂಗಳೂರಿನ ಹವ್ಯಾಸಿಗಳ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಎಷ್ಟೋ ಗಾಡಿ ಉಳಿದಿರೋದು ಅವರಿಂದಲೇ. ಸಿಟ್ಟಿರೋದು ನಮ್ಮ ಮೇಲೂ. ಹೊಸಕೋಟೆಯಿಂದ ನೆಲಮಂಗಲದವರೆಗೆ ಎಷ್ಟು ಕೊಟ್ಟಿಗೆಗಳಲ್ಲಿ ಕೋಳಿ ಕೂರೋಕೆ ಜಾವಾ ನಿಲ್ಲಿಸಿದ್ದೀವಿ! ಕೆಜಿ ಲೆಕ್ಕದಲ್ಲಿ ಕೊಟ್ಟುಬಿಡ್ತೀವಿ. ಅದೇ ಗಾಡಿ ಬಣ್ಣ ಬಳಿಸಿಕೊಂಡು ನಮ್ಮ ಮುಂದೆಯೇ ಹಾದುಹೋಗುವಾಗ ಸೆಲ್ಫಿ ತಗೋತೀವಿ.

ನಿಮ್ಮ ಮನೆಯಲ್ಲೂ ಒಂದಿದ್ದರೆ ಮೊದಲು ಆರ್‌ಸಿ ಹುಡುಕಿ ಟ್ರಂಕಿನಲ್ಲಿಡಿ. ಚಾಸಿ ನಂಬರಿನ ಮೇಲಿನ ತುಕ್ಕು ಒರೆಸಿ ಎಣ್ಣೆ ಸವರಿ. ಕಾಗದ ಇಲ್ಲದ ಗಾಡಿಯನ್ನು ಆಮೇಲೆ ಯಾವ ಮೆಕ್ಯಾನಿಕ್ಕೂ ರಸ್ತೆಗಿಳಿಸಲಾರ. ಗುಜರಿಯವನು ಬಂದರೆ, ನಮ್ಮ ಹಳ್ಳಿಗಳಲ್ಲಿ ಹಿಂದೆ ದೆವ್ವಕ್ಕೆ ಬರೀತಿದ್ದ ಹಾಗೆ, ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿಡಿ.