ಲೆಕ್ಕಕ್ಕೆ ಬಾರದ ನೋವು



ಮಕ್ಕಳನ್ನು ಹಡೆದ ತಾಯಂದಿರಲ್ಲಿ ಕೆಲವರಿಗೆ, ವಯಸ್ಸು ಕಳೆದಂತೆ, ಗರ್ಭಕೋಶವೂ ಮೂತ್ರಕೋಶವೂ ಸ್ಥಾನದಿಂದ ಜಾರುವುದುಂಟು. ಶ್ರೋಣಿಯೆಂಬ ಎಲುಬಿನ ಗೂಡಿನ ತಳದಲ್ಲಿದ್ದು ಇವುಗಳನ್ನು ಹೊತ್ತಿರುವ ಸ್ನಾಯುಗಳು ಸಡಿಲವಾಗುವುದೇ ಇದಕ್ಕೆ ಕಾರಣ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಈ ಪ್ರಸ್ತಾಪವು ಸಲ್ಲದೆಂದು ಯಾರಾದರೂ ಎಣಿಸಿಯಾರು. ಹಾಗೆಂದು ಮುಚ್ಚಿಟ್ಟುದರಿಂದ ಒದಗಿದ ಅನರ್ಥವನ್ನೇ ಇಲ್ಲಿ ಹೇಳಬೇಕಾಗಿದೆ.

ಸಡಿಲವಾದುದಕ್ಕೆ ಆಸರೆಯಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನ ಬಲೆಯನ್ನು ಯೋನಿಮಾರ್ಗವಾಗಿ ಒಳಗಿರಿಸುವ ಶಸ್ತ್ರಚಿಕಿತ್ಸೆಯು ಈ ಶತಮಾನದ ಆದಿಯಲ್ಲಿ ಅಮೆರಿಕದಲ್ಲಿ ಬಹಳವಾಗಿ ಹಬ್ಬಿತು. ಹರ್ನಿಯಕ್ಕೆ ಇಂಥ ಬಲೆ ಮೊದಲೇ ಬಳಕೆಯಲ್ಲಿದ್ದಿತು. ಹೊಸದು ಹಳೆಯದಕ್ಕೆ ಸದೃಶವೆಂದು ತೋರಿಸಿದರೆ ಮಾರಾಟಕ್ಕೆ ಅನುಮತಿ ದೊರೆಯುತ್ತಿತ್ತು. ಕೆಲವರಲ್ಲಿ ಆ ಬಲೆಯು ಮಾಂಸವನ್ನು ಕೊರೆದು ಹೊರಬಂದಿತು; ಕೆಲವರಿಗೆ ಕುಳಿತರೂ ನಿಂತರೂ ನೋವು. ಒಳಗೆ ಬೆಸೆದುಕೊಂಡ ಬಲೆಯನ್ನು ಪೂರ್ಣವಾಗಿ ತೆಗೆಯುವುದೂ ದುಸ್ಸಾಧ್ಯ.

ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು 2008ರಲ್ಲಿ, ಮೂರು ವರ್ಷಗಳೊಳಗೆ ಸಾವಿರಕ್ಕೂ ಮಿಕ್ಕಿ ದೂರುಗಳು ಬಂದಿವೆಯೆಂದು ತಿಳಿಸಿ, ಇಂಥ ತೊಡಕು ವಿರಳವೆಂದಿತು. ಮುಂದಿನ ಮೂರು ವರ್ಷಗಳಲ್ಲಿ, ಮೂತ್ರ ತಡೆಯಲಾರದವರಿಗೆ ಇರಿಸುವ ಪಟ್ಟಿಗಳೂ ಸೇರಿ, ಮತ್ತೆ 2,874 ದೂರುಗಳು ಬಂದವು. ಪ್ರಕಟವಾದ ಸಂಶೋಧನೆಗಳನ್ನೂ ಪರಿಶೀಲಿಸಿ ಅದೇ ಆಡಳಿತವು 2011ರಲ್ಲಿ, ಜಾರಿದ ಅವಯವಗಳಿಗಾಗಿ ಇರಿಸಿದ ಬಲೆಯ ತೊಡಕು ವಿರಳವಲ್ಲವೆಂದಿತು. ಭಿನ್ನರಾಶಿಯಲ್ಲಿ ಛೇದವನ್ನು ಬರೆಯದೆ ತಂದ ಹುಡುಗನ ಲೆಕ್ಕವನ್ನು ನಾನು ಶಾಲೆಯಲ್ಲಿ ನೋಡುತ್ತಲೇ ಇರಲಿಲ್ಲ. ದೂರುಗಳೆಂಬುವು ಅಂಶ ಮಾತ್ರ. ಒಟ್ಟು ಎಷ್ಟು ಮಂದಿಗೆ ಬಲೆಯಿರಿಸಲಾಯಿತೆಂಬುದು ಛೇದ. ಅದಿಲ್ಲದೆ ವಿರಳವೆಂಬ ಮಾತಿಗೆ ಅರ್ಥವೆಲ್ಲಿಯದು? ಆ ಅಂಶವಾದರೂ ಪೂರ್ಣವೆ? ಲಜ್ಜೆಯಿಂದ ಗಂಡನಿಗೂ ಹೇಳದವಳು ಸರ್ಕಾರಕ್ಕೆ ಬರೆದಾಳೆ? ಬಲೆಯಿಂದ ಸುಖಗೊಂಡವರೂ ಇದ್ದಾರೆ. ದೂರಿನ ಕಡತದಲ್ಲಿ ಅವರ ಸುಳಿವೂ ಇರದು.

ಇದಕ್ಕೆ ತಕ್ಕ ಉಪಾಯವು ರೋಗಿಗಳ ನೋಂದಣಿ ಪುಸ್ತಕ. ಯಾರಿಗೆ, ಯಾವ ಬಲೆ, ಯಾವ ಶಸ್ತ್ರವೈದ್ಯರಿಂದ ಎಂಬುದನ್ನು ಶಸ್ತ್ರಚಿಕಿತ್ಸೆಯಾದ ಹೊತ್ತಿನಲ್ಲೇ, ಅಂದರೆ ಫಲವಿನ್ನೂ ತಿಳಿಯದಿರುವಾಗಲೇ, ಬರೆದಿಡತಕ್ಕದ್ದು. ಬಾರದ ಹುಡುಗನ ಹೆಸರೂ ಇರುವುದರಿಂದಲೇ ಅಲ್ಲವೆ ಹಾಜರಿ ಪುಸ್ತಕಕ್ಕೆ ಬೆಲೆ? ಆಸ್ಟ್ರೇಲಿಯದಲ್ಲಿ ಕೃತಕ ಕೀಲುಗಳಿಗೆ ಇಂಥ ಪುಸ್ತಕವು 1999ರಲ್ಲಿ ಆರಂಭವಾಯಿತು. ಒಂದು ಬಗೆಯ ಸೊಂಟದ ಕೀಲನ್ನು ಮಿತಿಮೀರಿ ಬದಲಿಸಬೇಕಾಗುತ್ತಿದೆಯೆಂದು ಅದು 2007ರಲ್ಲೇ ತೋರಿಸಿಕೊಟ್ಟಿತು. ತಯಾರಕರು ಜಗತ್ತಿನೆಲ್ಲೆಡೆಯಿಂದ ಆ ಕೀಲನ್ನು ಹಿಂತೆಗೆದುಕೊಂಡುದು 2010ರಲ್ಲಿ.

ಬಲೆಯ ವಿಷಯದಲ್ಲಿ ಇಂಥ ಎಚ್ಚರಿಕೆ ಕಾಲಕ್ಕೆ ಸಿಕ್ಕಲಿಲ್ಲ. ಜಾರಿದ ಅವಯವಗಳಿಗಾಗಿ ಯೋನಿಮಾರ್ಗವಾಗಿ ಇರಿಸುವ ಬಲೆಗಳ ಮಾರಾಟವನ್ನು ಅಮೆರಿಕವು ನಿಲ್ಲಿಸಿದುದು 2019ರ ಏಪ್ರಿಲಿನಲ್ಲಿ. ಇಂಗ್ಲೆಂಡಿನಲ್ಲಿ ಬ್ಯಾರನೆಸ್ ಕಂಬರ್ಲೆಜ್ ಅವರ ಸಮಿತಿಯು 2020ರಲ್ಲಿ ವರದಿಯೊಪ್ಪಿಸಿದಾಗಲೂ, ಎಷ್ಟು ಸ್ತ್ರೀಯರು ಬಾಧೆಗೊಳಗಾದರೆಂದು ಖಚಿತವಾಗಿ ಹೇಳಬಲ್ಲವರು ಯಾರೂ ಇರಲಿಲ್ಲ.

ಪುಸ್ತಕವಿದ್ದ ಮಾತ್ರಕ್ಕೆ ಸಾಲದು. ಇಷ್ಟವಿದ್ದವರು ಬರೆಯಲಿ ಎಂದರೆ, ಕೈಕೆಟ್ಟವರೇ ಬರೆಯದೆ ಉಳಿದಾರು. ನೊಂದವಳು ಬಲೆಯನ್ನು ತೆಗೆಸಿಕೊಳ್ಳಲು ಬೇರೊಂದು ಆಸ್ಪತ್ರೆಗೆ ಹೋದರೆ, ಮೊದಲಿನ ಆಸ್ಪತ್ರೆಯ ಲೆಕ್ಕದಲ್ಲಿ ಅವಳು ಗುಣಹೊಂದಿದವಳೇ. ಅವಯವವು ಸ್ವಸ್ಥಾನಕ್ಕೆ ಬಂದಿತೆಂದು ವೈದ್ಯನು ಸಫಲವೆಂದು ಬರೆಯುವನು. ಅವಳಿಗೋ ಕುಳಿತಿರಲು ಆಗದು. ಆದುದರಿಂದಲೇ ಆಸ್ಟ್ರೇಲಿಯದ ಮೋನಾಷ್ ವಿಶ್ವವಿದ್ಯಾನಿಲಯದವರು ಶ್ರೋಣಿತಳದ ಶಸ್ತ್ರಚಿಕಿತ್ಸೆಗಳಿಗಾಗಿ ಏರ್ಪಡಿಸಿರುವ ನೋಂದಣಿಯಲ್ಲಿ, ವೈದ್ಯರಿಂದ ಮಾತ್ರವಲ್ಲದೆ, ಶಸ್ತ್ರಚಿಕಿತ್ಸೆಯಾದ ಸ್ತ್ರೀಯರಿಂದಲೇ ಅವರ ಸ್ಥಿತಿಯನ್ನು ಕೇಳಿ ಬರೆದುಕೊಳ್ಳುವರು.