ಹಕ್ಕಿ ಹಾರಲಿ, ಕಲ್ಲು ಬೇಡ

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಆಮೇಲೆ ಮಂದಿಯ ತಪ್ಪಿಗೆ ಬರೋಣ.

ಕೆಲವು ವರ್ಷದ ಹಿಂದಿನ ಮಾತು. ಚಳಿಗಾಲ. ಧೂಪದಾಳದ ಹಿನ್ನೀರಿಗೆ ವಲಸೆ ಹಕ್ಕಿ ಬಂದಿವೆ ಎಂದು ಸುದ್ದಿ ಕಳಿಸಿದ್ದೆ. ಜೊತೆಗೆ ಒಂದು ಫೋಟೋ. ಬಾತುಗಳು ನೀರಿನ ಮೇಲೆ ಕೂತಿದ್ದವು, ಒಂದೆರಡು ಈಜುತ್ತಿದ್ದವು. ಹತ್ತು ನಿಮಿಷಕ್ಕೆ ಡೆಸ್ಕಿನಿಂದ ಫೋನು ಬಂತು. "ಇದು ಸತ್ತಂಗ ಐತಿ. ಹಾರೋದು ಕಳಸು. ಆರು ಗಂಟೆ ಒಳಗ."

ದಂಡೆಯಲ್ಲಿ ಎಮ್ಮೆ ಮೇಯಿಸುವ ಹುಡುಗನೊಬ್ಬ ಇದ್ದ. ಅವನ ಕೈಗೆ ಇಪ್ಪತ್ತು ರೂಪಾಯಿ ಇಟ್ಟು ಕಲ್ಲು ಒಗೆ ಅಂದೆ. ಅವನು ನನ್ನ ಮುಖ ನೋಡಿದ. "ಆರಾಮ ಕುಂತಾವಲ್ಲಣ್ಣ, ಯಾಕ ಎಬ್ಬಸೂದು?" ಅಂದ. ಆದರೂ ಒಗೆದ. ಇಡೀ ಹಿಂಡು ಎದ್ದಿತು. ಫೋಟೋ ಮರುದಿನ ನಾಲ್ಕು ಕಾಲಂ ಅಗಲಕ್ಕೆ ಅಚ್ಚಾಯಿತು, ಕೆಳಗೆ ನನ್ನ ಹೆಸರೂ ಬಂತು. ಆ ಹುಡುಗನ ಪ್ರಶ್ನೆಗೆ ಮಾತ್ರ ನಾನು ಉತ್ತರ ಕೊಡಲಿಲ್ಲ.

ಆಗ ಕಲ್ಲು ಒಗೆಸುತ್ತಿದ್ದವರು ನನ್ನಂಥ ನಾಲ್ಕು ಮಂದಿ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇದೆ. ರವಿವಾರ ಬಂದರೆ ಸಾಕು, ದಂಡೆಯ ಮೇಲೆ ಬೈಕು ಸಾಲುಗಟ್ಟುತ್ತವೆ. ಒಬ್ಬ ಚಪ್ಪಾಳೆ ತಟ್ಟುತ್ತಾನೆ, ಒಬ್ಬ ಹಾರ್ನ್ ಹೊಡೆಯುತ್ತಾನೆ, ಒಬ್ಬ ಮೊಬೈಲ್ ಹಿಡಿದು "ಈಗ ಒಗಿ" ಅನ್ನುತ್ತಾನೆ. ಅದಕ್ಕೆ ಸ್ಲೋ ಮೋಷನ್ ಹಾಕಿ, ಹಾಡು ಸೇರಿಸಿ ರೀಲ್ ಬಿಡುತ್ತಾರೆ. ದೊಡ್ಡ ಲೆನ್ಸ್ ಹೊತ್ತು ಪಟ್ಟಣದಿಂದ ಬರುವ ಕೆಲವರು ಕಲ್ಲು ಮುಟ್ಟುವುದಿಲ್ಲ. ಊರ ಹುಡುಗರಿಗೆ ಕಾಸು ಕೊಟ್ಟು ಒಗೆಸುತ್ತಾರೆ. ನನ್ನ ಹಾಗೆ.

ಈ ಚಟ ಬಿಡಬೇಕು. ಯಾಕೆ ಅಂತ ಕೇಳಿ.

ಘಟಪ್ರಭಾ ಪಕ್ಷಿಧಾಮ 1974ರಲ್ಲಿ ಆದದ್ದು, ವಿಸ್ತೀರ್ಣ ಸುಮಾರು 30 ಚದರ ಕಿಲೋಮೀಟರ್. ಡೆಮೊಸೆಲ್ ಕ್ರೇನ್ ಮತ್ತು ಬಿಳಿ ಕೊಕ್ಕರೆಗಳಿಗೆ ಅದು ಹೆಸರಾದ ಜಾಗ. ಡೆಮೊಸೆಲ್ ಕ್ರೇನ್ ಮರಿ ಮಾಡುವುದು ಮಂಗೋಲಿಯಾ, ಮಧ್ಯ ಏಷ್ಯಾದ ಕಡೆ. ಹಿಮಾಲಯ ದಾಟಿ ಬರುವ ಈ ಹಕ್ಕಿಗಳಿಗೆ ನಮ್ಮ ನೀರು ಚಳಿಗಾಲದ ಬಿಡಾರ. ಇಲ್ಲಿ ಅವು ಎರಡೇ ಕೆಲಸ ಮಾಡಬೇಕು: ತಿನ್ನಬೇಕು, ವಿಶ್ರಾಂತಿ ತೆಗೆದುಕೊಳ್ಳಬೇಕು. ಫೆಬ್ರವರಿ, ಮಾರ್ಚ್ ಹೊತ್ತಿಗೆ ಮೈಯಲ್ಲಿ ಕೊಬ್ಬು ಕೂಡಿಸಿಕೊಂಡರೆ ಮಾತ್ರ ವಾಪಸು ಪ್ರಯಾಣ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನೇ ನೋಡಿ. 7,000 ಮೀಟರಿಗೂ ಎತ್ತರದಲ್ಲಿ ಹಾರಬಲ್ಲ ಹಕ್ಕಿ ಅದು. ರಾತ್ರಿ ಹೊಲಗಳಿಗೆ ಹೋಗಿ ಮೇಯ್ದು ಬರುತ್ತದೆ, ಹಗಲು ನೀರಿನ ಮೇಲೆ ಕೂತು ದಣಿವಾರಿಸಿಕೊಳ್ಳುತ್ತದೆ. ನೋಡುವವನಿಗೆ ಸುಮ್ಮನೆ ಕೂತ ಹಾಗೆ ಕಾಣುತ್ತದೆ. ರಾತ್ರಿ ಪಾಳಿ ಮುಗಿಸಿ ಮಲಗಿದವನ ಬಾಗಿಲು ಬಡಿದಂತೆ ನಾವು ಅದನ್ನು ಎಬ್ಬಿಸುತ್ತೇವೆ. ಕೂತಿರುವುದಕ್ಕಿಂತ ಹಾರುವುದಕ್ಕೆ ಹಲವು ಪಟ್ಟು ಶಕ್ತಿ ಬೇಕು. ಅದು ಬೀಸಿದ ಒಂದೊಂದು ರೆಕ್ಕೆಗೂ ಲೆಕ್ಕ ಇದೆ.

"ಒಮ್ಮೆ ಹಾರಿದ್ರ ಏನ್ ಸಾಯ್ತಾವೇನು?" ಎಂದು ಕೇಳುವವರಿದ್ದಾರೆ. ಒಮ್ಮೆ ಹಾರಿದರೆ ಸಾಯುವುದಿಲ್ಲ. ಆದರೆ ನೀವು ಹೋದ ಮೇಲೆ ಇನ್ನೊಂದು ಗುಂಪು ಬರುತ್ತದೆ, ಅವರ ಹಿಂದೆ ಮತ್ತೊಂದು. ಪ್ರತಿಯೊಬ್ಬರಿಗೂ ತಮ್ಮದು ಒಂದೇ ಕಲ್ಲು. ಹಕ್ಕಿಗೆ ಅದು ದಿನದ ಇಪ್ಪತ್ತನೆಯದು.

"ರೈತರು ಹೊಲದಾಗ ಹಕ್ಕಿ ಓಡಸಂಗಿಲ್ಲೇನು?" ಎಂಬುದು ಇನ್ನೊಂದು ವಾದ. ಓಡಿಸುತ್ತಾರೆ. ಬೆಳೆದ ಜೋಳ ಉಳಿಸಿಕೊಳ್ಳಲು ಕವಣೆ ಬೀಸುವವನನ್ನೂ ಲೈಕಿಗಾಗಿ ಕಲ್ಲು ಒಗೆಯುವವನನ್ನೂ ಒಂದೇ ತಕ್ಕಡಿಗೆ ಹಾಕಿದರೆ ರೈತನಿಗೇ ಅವಮಾನ.

ಕಾನೂನನ್ನೂ ಕೇಳಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರ ಎಂದಿಲ್ಲ. ಹಿಡಿಯುವುದು, ಬೆನ್ನಟ್ಟುವುದು, ಎಬ್ಬಿಸಿ ಓಡಿಸುವುದು, ಆಮಿಷ ಒಡ್ಡುವುದು ಕೂಡ ಅದೇ ವ್ಯಾಖ್ಯೆಯೊಳಗಿವೆ. ಅಭಯಾರಣ್ಯದಲ್ಲಿ ಪ್ರಾಣಿ ಪಕ್ಷಿಗಳನ್ನು ಕೆಣಕಬಾರದು, ಕಾಡಬಾರದು ಎಂದು 27ನೆಯ ಕಲಮು ಬೇರೆ ಹೇಳುತ್ತದೆ. ಬಲೆ ಹಾಕಿದ ಬಡವನನ್ನು ಹಿಡಿದಾಗ ನಾವು ಪತ್ರಕರ್ತರು ಅವನ ಫೋಟೋ ಹಾಕಿ ಸುದ್ದಿ ಮಾಡುತ್ತೇವೆ. ಅದೇ ನೀರಿನಲ್ಲಿ ಹಿಂಡನ್ನೇ ಎಬ್ಬಿಸಿ ತೆಗೆದ ಫೋಟೋಕ್ಕೆ ಬಹುಮಾನ ಕೊಡುತ್ತೇವೆ. ಇದು ಯಾವ ನ್ಯಾಯ?

ಇನ್ನು ಫೋಟೋದ ಮಾತು. ಕಲ್ಲು ಒಗೆದು ತೆಗೆದ ಫೋಟೋ ಚೆನ್ನಾಗಾದರೂ ಇರುತ್ತದೆಯೇ? ನಿಮ್ಮ ಮೊಬೈಲಿನಲ್ಲಿದ್ದರೆ ತೆಗೆದು ನೋಡಿ. ಬಹುಪಾಲು ಹಕ್ಕಿಗಳ ಬೆನ್ನು ನಮ್ಮ ಕಡೆ, ಬಾಲ ನಮ್ಮ ಕಡೆ. ಕಣ್ಣು ಕಾಣುವುದಿಲ್ಲ. ಅದು ಓಡಿಹೋಗುವವರ ಚಿತ್ರ. ಅದನ್ನೇ "ಬಾನಾಡಿಗಳ ಸಂಭ್ರಮ" ಎಂದು ನಾವು ಅಚ್ಚು ಹಾಕುತ್ತೇವೆ.

ಹಕ್ಕಿ ತಾನಾಗಿಯೇ ಸಾಕಷ್ಟು ಓಡಾಡುತ್ತದೆ. ನಾಮದ ಕೋಳಿ ಹಾರುವ ಮೊದಲು ನೀರಿನ ಮೇಲೆ ಪಟಪಟ ಓಡುತ್ತದೆ. ಗುಳುಮುಳಕ ಮುಳುಗಿ ಬೇರೆಲ್ಲೋ ಏಳುತ್ತದೆ. ನೀರುಕಾಗೆ ಮೀನು ಹಿಡಿದು ಮೇಲೆ ಬಂದು ನುಂಗುತ್ತದೆ. ಹಾವಕ್ಕಿ ಬರೀ ಕುತ್ತಿಗೆ ಎತ್ತಿ ಈಜುತ್ತದೆ. ಇದೆಲ್ಲ ಚಲನೆಯೇ, ಕಾಯುವವನಿಗೆ ಪುಕ್ಕಟೆ.

ಕಾಯುವುದಕ್ಕೂ ಒಂದು ಲೆಕ್ಕ ಇದೆ. ನೀರಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಬೀಸುವಂತೆ ಕೂತರೆ ಅವು ನಿಮ್ಮ ಕಡೆ ಮುಖ ಮಾಡಿ ಇಳಿಯುತ್ತವೆ. ಚಳಿಗಾಲದ ಬೆಳಿಗ್ಗೆ ಮೂಡಣ ಗಾಳಿ ಇದ್ದರೆ ಸೂರ್ಯನೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ದಂಡೆಯ ಪೊದೆಯ ಮರೆಯಲ್ಲಿ ತಗ್ಗಾಗಿ ಕೂತುಕೊಳ್ಳಿ. ಕಾಲು ಮುಂದೆ ಚಾಚಿ, ರೆಕ್ಕೆ ಕೊಡೆಯಂತೆ ಬಿಚ್ಚಿ, ನೀರು ಸೀಳುತ್ತ ಬಾತು ಇಳಿಯುವುದು ಕಣ್ಣೆದುರೇ ಸಿಗುತ್ತದೆ. ಕ್ಯಾಮೆರಾ ಇದ್ದರೆ ಈಜುವ ಹಕ್ಕಿಗೆ ಶಟರ್ 1/500, ಹಾರುವುದಕ್ಕೆ 1/2000ರ ಸುಮಾರು ಇರಲಿ. ಮೊಬೈಲ್ ಆದರೆ ಬರ್ಸ್ಟ್ ಹಾಕಿ, ಬಿಳಿ ಹಕ್ಕಿ ಇದ್ದಾಗ ಬೆಳಕು ಸ್ವಲ್ಪ ಇಳಿಸಿ, ಹಕ್ಕಿ ಹೋದ ಕಡೆ ಫೋನನ್ನು ಮೆಲ್ಲಗೆ ತಿರುಗಿಸಿ. ದೂರದ ಹಕ್ಕಿ ಮೊಬೈಲಿಗೆ ಚುಕ್ಕೆಯಂತೆ ಬಂದರೆ ಬರಲಿ. ನೀರು, ಹಿಂಡು, ಆಚೆ ದಂಡೆಯ ಕಬ್ಬು, ಎಲ್ಲ ಸೇರಿ ಅದೂ ಒಂದು ಚಿತ್ರವೇ. ಅವು ಕತ್ತೆತ್ತಿ ನಿಮ್ಮನ್ನೇ ನೋಡತೊಡಗಿದರೆ ಹತ್ತಿರ ಬಂದಿದ್ದೀರಿ ಎಂದರ್ಥ. ಅಲ್ಲಿಗೆ ನಿಲ್ಲಿ.

ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಫಿಲ್ಮ್ ಕಾಲದಲ್ಲಿ ವನ್ಯಜೀವಿ ಚಿತ್ರ ತೆಗೆದು ಹೆಸರು ಮಾಡಿದವರು. ಫಿಲ್ಮ್ ರೋಲಿಗೆ 36 ಚಿತ್ರ ಮಾತ್ರ. ಈಗ ನಮ್ಮ ಕೈಯಲ್ಲಿ ಸಾವಿರ ಚಿತ್ರ ಹಿಡಿಯುವ ಫೋನಿದೆ, ಅರ್ಧ ಗಂಟೆ ಕೂರುವ ತಾಳ್ಮೆ ಇಲ್ಲ.

ಈಗ ಯಾರು ಏನು ಮಾಡಬೇಕು?

ಡೆಸ್ಕಿನವರೇ, ಇಡೀ ಹಿಂಡು ಬೆದರಿ ಎದ್ದ ಫೋಟೋ ಬಂದರೆ "ಹೇಗೆ ತೆಗೆದೆ?" ಎಂದು ಕೇಳಿ. ಸಂಜೆ ಆರರೊಳಗೆ ಹಾರುವ ಹಕ್ಕಿ ಬೇಕು ಎಂದರೆ ಸ್ಟ್ರಿಂಗರ್ ಕಲ್ಲೇ ಹುಡುಕುತ್ತಾನೆ. ಅವನಿಗೆ ಸಿಗುವುದು ಫೋಟೋಕ್ಕೆ ಇಷ್ಟು ಎಂಬ ಚಿಲ್ಲರೆ. ಕಾಯಲು ನೀವು ಸಮಯ ಕೊಟ್ಟರೆ ಅವನೂ ಕಾಯುತ್ತಾನೆ.

ಸ್ಪರ್ಧೆ ನಡೆಸುವವರೇ, ಅದೇ ಪ್ರಶ್ನೆ ನೀವೂ ಕೇಳಿ. ಉತ್ತರ ಸರಿ ಇಲ್ಲದಿದ್ದರೆ ಬಹುಮಾನ ಬೇಡ.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ತಮ್ಮಂದಿರೇ, ಯಾವ ಹೊತ್ತಿಗೆ ಯಾವ ಹಕ್ಕಿ ಎಲ್ಲಿ ಇಳಿಯುತ್ತದೆ ಎಂಬುದು ಲೆನ್ಸ್ ಹೊತ್ತವನಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದು ವಿದ್ಯೆ. ಕಾಸು ತೆಗೆದುಕೊಳ್ಳುವುದಾದರೆ ದಾರಿ ತೋರಿಸಿ ತೆಗೆದುಕೊಳ್ಳಿ, ಕಲ್ಲು ಒಗೆದು ಬೇಡ. ಗೂಡು ಕಂಡರೆ ಅದರ ಲೊಕೇಶನ್ ಹಾಕಬೇಡಿ.

ಆ ಹುಡುಗನಿಗೆ ನಾನು ಕೊಡಬೇಕಿದ್ದ ಉತ್ತರ ಇಷ್ಟೇ: ಅವುಗಳನ್ನು ಎಬ್ಬಿಸಲು ಯಾವ ಕಾರಣವೂ ಇರಲಿಲ್ಲ ತಮ್ಮಾ, ನನಗೆ ಅವಸರ ಇತ್ತು. ಬರುವ ಚಳಿಗಾಲ ಯಾರಾದರೂ ನಿಮ್ಮ ಕೈಗೆ ನೋಟು ಇಟ್ಟು ಕಲ್ಲು ಒಗೆ ಎಂದರೆ, ಅವನಂತೆ ನೀವೂ ಕೇಳಿ. ಉತ್ತರ ಬರುವ ತನಕ ಒಗೆಯಬೇಡಿ.