ಲೋನ್ ಮೇಲೆ ಹೋಗುವ ಹುಡುಗರು: ಆಟವೋ, ಅಲೆದಾಟವೋ?

ಯುರೋಪಿನ ಟ್ರಾನ್ಸ್‌ಫರ್ ವಿಂಡೋ ತೆರೆದರೆ ಕೋಟಿಗಟ್ಟಲೆ ಹಣದ ಸುದ್ದಿಯೇ ಸುದ್ದಿ. 'ಒಂದು ವರ್ಷದ ಲೋನ್' ಎಂದು ಒಂದೇ ಸಾಲಿನಲ್ಲಿ ಮುಗಿದುಹೋಗುವ ಹೆಸರುಗಳನ್ನು ಕೇಳುವವರಿಲ್ಲ. ಅವರಲ್ಲಿ ಅನೇಕರು 19-20ರ ಹುಡುಗರು. ಒಪ್ಪಂದ ದೊಡ್ಡ ಕ್ಲಬ್‌ನದ್ದು, ಆಟ ಇನ್ನೊಂದು ಕ್ಲಬ್‌ಗೆ.

ಅಶ್ರಫ್ ಹಕೀಮಿಗೆ ಇದು ವರವಾಯಿತು. ಮೊರಾಕ್ಕೊ ಮೂಲದ ಹೆತ್ತವರ ಮಗನಾಗಿ ಮ್ಯಾಡ್ರಿಡ್‌ನಲ್ಲಿ ಹುಟ್ಟಿದ ಅವರಿಗೆ ರಿಯಲ್ ಮ್ಯಾಡ್ರಿಡ್‌ನಲ್ಲಿ ಕಾರ್ವಹಾಲ್ ಇರುವಷ್ಟು ದಿನ ಜಾಗ ಸಿಗುವುದು ಕಷ್ಟವಿತ್ತು. 2018ರಲ್ಲಿ ಡಾರ್ಟ್‌ಮಂಡ್‌ಗೆ ಹೋದರು. ಹೋದದ್ದು ಒಂದೇ ಕ್ಲಬ್‌ಗೆ, ಇದ್ದದ್ದು ಪೂರ್ತಿ ಎರಡು ವರ್ಷ. ಆಮೇಲೆ ಇಂಟರ್, ಪಿಎಸ್‌ಜಿ. 2022ರ ವಿಶ್ವಕಪ್‌ನಲ್ಲಿ ಸ್ಪೇನ್ ವಿರುದ್ಧ ಅವರು ಹೊಡೆದ ಆ ಪೆನಾಲ್ಟಿಯನ್ನು ನಮ್ಮೂರಿನ ಹುಡುಗರಿಗೆ ನೆನಪಿಸಬೇಕಾಗಿಲ್ಲ.

ಲುಕಾಸ್ ಪಿಯಾಝೋನ್ ಹೆಸರು ಅಷ್ಟು ಜನರಿಗೆ ಗೊತ್ತಿಲ್ಲ. 2012ರಲ್ಲಿ, 18ರ ಪ್ರಾಯದಲ್ಲಿ ಬ್ರೆಝಿಲ್‌ನಿಂದ ಚೆಲ್ಸಿಗೆ ಬಂದವರು. ಮಲಾಗ, ವಿಟೆಸ್, ಫ್ರಾಂಕ್‌ಫರ್ಟ್, ರೀಡಿಂಗ್, ಫುಲ್‌ಹ್ಯಾಮ್, ಕಿಯೆವೊ, ರಿಯೊ ಆವೆ: ಏಳು ಕ್ಲಬ್‌ಗೆ ಲೋನ್. 2021ರಲ್ಲಿ ಚೆಲ್ಸಿ ಬಿಡುವಾಗ ಆ ಕ್ಲಬ್‌ಗಾಗಿ ಆಡಿದ್ದು ಒಟ್ಟು 3 ಪಂದ್ಯ. ಅದೇ ಚೆಲ್ಸಿಯ ಮೇಸನ್ ಮೌಂಟ್ ವಿಟೆಸ್, ಡರ್ಬಿಗಳಲ್ಲಿ ಆಡಿ ಮರಳಿ 2021ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು. ನಾಲ್ಕು ಕಡೆ ಲೋನ್ ಮೇಲೆ ಹೋಗಿ ಬಂದ ಹ್ಯಾರಿ ಕೇನ್ ಹೆಸರನ್ನು ಎಲ್ಲರೂ ಹೇಳುತ್ತಾರೆ. ಮರಳಿ ಬಾರದವರ ಲೆಕ್ಕ ಇಟ್ಟವರು ಕಡಿಮೆ.

ವ್ಯತ್ಯಾಸ ಇರುವುದು ಕಳುಹಿಸುವವರ ಉದ್ದೇಶದಲ್ಲಿ. ಹುಡುಗ ತನ್ನ ಜಾಗದಲ್ಲಿ ವಾರವಾರ ಆಡಿ ಬೆಳೆಯಲಿ ಎಂದು ಕಳುಹಿಸುವುದು ಒಂದು. ಬೆಲೆ ಏರುವವರೆಗೆ ಗೋದಾಮಿನಲ್ಲಿ ಅಡಿಕೆ ಇಟ್ಟ ಹಾಗೆ ಇಟ್ಟುಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಪ್ರತಿವರ್ಷ ಹೊಸ ಊರು, ಹೊಸ ಭಾಷೆ, ಹೊಸ ಕೋಚ್. ಅಡಿಕೆ ಆದರೂ ಕಾಯುತ್ತದೆ, ಹುಡುಗನ ಪ್ರಾಯ ಕಾಯುವುದಿಲ್ಲ.

ಇದನ್ನು ತಡೆಯಲೆಂದೇ ಫಿಫಾ 2022ರ ಜುಲೈಯಿಂದ ಅಂತಾರಾಷ್ಟ್ರೀಯ ಲೋನ್‌ಗಳಿಗೆ ಮಿತಿ ಹಾಕಿತು. ಮೊದಲು 8, ಮತ್ತೆ 7, 2024ರಿಂದ 6. ಆದರೆ 21 ಮತ್ತು ಅದಕ್ಕಿಂತ ಕಡಿಮೆ ಪ್ರಾಯದವರು, ಕ್ಲಬ್ ತಾನೇ ಬೆಳೆಸಿದ ಆಟಗಾರರು ಈ ಲೆಕ್ಕಕ್ಕೇ ಬರುವುದಿಲ್ಲ. ಯುವಕರಿಗೆ ಅವಕಾಶ ಇರಲಿ ಎಂಬುದು ಇದಕ್ಕೆ ಕೊಡುವ ಕಾರಣ. ಆದರೆ ಹೆಚ್ಚು ರಕ್ಷಣೆ ಬೇಕಾದವರೇ ಬೇಲಿಯ ಹೊರಗೆ ಉಳಿದರು.

ಐಎಸ್‌ಎಲ್ ಕ್ಲಬ್‌ಗಳೂ ಹುಡುಗರನ್ನು ಲೋನ್ ಮೇಲೆ ಕಳುಹಿಸುತ್ತವೆ. ತೃಕ್ಕರಿಪುರದ ಮುಹಮ್ಮದ್ ರಾಫಿ 2016ರ ಐಎಸ್‌ಎಲ್ ಫೈನಲ್‌ನಲ್ಲಿ ಗೋಲು ಹೊಡೆದದ್ದನ್ನು ನೋಡಿದ ಕಾಸರಗೋಡಿನ ಸೆವೆನ್ಸ್ ಮೈದಾನಗಳಿಂದ ನಾಳೆ ಇನ್ನೊಬ್ಬ ಹೋಗಬಹುದು. ಲೋನ್ ಕಾಗದಕ್ಕೆ ಆಟಗಾರನ ಒಪ್ಪಿಗೆಯೂ ಬೇಕು, ಮನೆಯವರಿಗೆ ಮಾತಾಡಲು ಸಿಗುವ ಜಾಗ ಅದು. ಸಂಬಳ ಯಾರು ಕೊಡುತ್ತಾರೆ, ಕಾಲಿಗೆ ಏಟಾದರೆ ಚಿಕಿತ್ಸೆ ಯಾರದ್ದು, ಅವನ ಜಾಗದಲ್ಲಿ ಅಲ್ಲಿ ಈಗ ಆಡುವವನು ಯಾರು, ಮಧ್ಯದಲ್ಲಿ ಮರಳಿ ಕರೆಸಬಹುದಾ? ಮುಖ್ಯವಾಗಿ, ಅವನನ್ನು ಕೇಳಿ ತರಿಸಿಕೊಂಡದ್ದು ಅಲ್ಲಿನ ಕೋಚಾ, ಆಡಳಿತವಾ? ಕೋಚ್ ಕೇಳಿದ್ದರೂ ನಾಲ್ಕು ಪಂದ್ಯ ಸೋತರೆ ಆ ಕೋಚೇ ಹೊರಗೆ. ಹೊಸಬರಿಗೆ ಬೇರೆ ಕ್ಲಬ್‌ನ ಹುಡುಗನನ್ನು ಬೆಳೆಸುವ ದರ್ದು ಇರುವುದಿಲ್ಲ.